ಮರುಭೂಮಿಯ ಹೂವನ್ನು ಗುರುತಿಸುವದು



ಒಣಭೂಮಿಯು ಹರ್ಷಿಸಿ ಹೂವಿನಂತೆ ಅರಳುವದೆಂಬ ವಾಗ್ದಾನವನ್ನು ನಾವು ಯೆಶಾಯನ ಗ್ರಂಥದ 35ನೆಯ ಅಧ್ಯಾಯದ ಆರಂಭದಲ್ಲಿ ಓದುತ್ತೇವೆ. ಆ ಹೂವಿಗೆ ಇಬ್ರಿಯ ಭಾಷೆಯಲ್ಲಿ ಹವತ್ಸೆಲೆತ್ ಎಂದು ಹೆಸರು. ಈ ಶಬ್ದವು ಹಳೇ ಒಡಂಬಡಿಕೆಯಲ್ಲಿ ಇಲ್ಲಿಯೂ ಪರಮಗೀತದ 2ನೆಯ ಅಧ್ಯಾಯದಲ್ಲಿಯೂ ಎರಡೇ ಸಾರಿ ಬರುವದರಿಂದ ಭಾಷಾಂತರಕಾರರಲ್ಲಿ ಕೆಲವರು ಗುಲಾಬಿಯೆಂದೂ ಕೆಲವರು ಕೇಸರಿಯ ಜಾತಿಯ ಹೂವೆಂದೂ ಬರೆದರು. ಈಗ ಇಸ್ರಾಯೇಲ್ ದೇಶದವರು ಈ ಹೆಸರನ್ನು ತಮ್ಮ ದಕ್ಷಿಣ ಸೀಮೆಯಾದ ನೆಗೆವ್ ಮರುಭೂಮಿಯಲ್ಲಿ ತಾನಾಗಿ ಬೆಳೆಯುವ ಒಂದು ಗಿಡಕ್ಕೆ ಕೊಟ್ಟಿದ್ದಾರೆ. ಪ್ರವಾದಿಯು ಹೇಳಿದ ಹೂವು ಇದೇ ಎಂದು ನಾವು ವಾದಿಸುವದಿಲ್ಲ. ಆದರೆ ಇದನ್ನು ಗುರುತಿಸುವ ಬಗೆಯಲ್ಲಿ ನಮಗೊಂದು ಬುದ್ಧಿವಾದವುಂಟು.

ಬೇಸಿಗೆ ಮುಗಿದು ಮಳೆ ಇನ್ನೂ ಬಾರದಿರುವಾಗ ಬರಿಯ ಮರಳಿನಿಂದ ಒಂದು ದಂಟು ಏಳುತ್ತದೆ. ಅದರ ತುದಿಯಲ್ಲಿ ಆರು ಎಸಳಿನ ಬಿಳೀ ಹೂವು. ನಡುವೆ ಅಂಚು ಹಲ್ಲುಹಲ್ಲಾದ ಒಂದು ಬಟ್ಟಲು. ಆಗ ಎಲೆಯೇ ಇರುವದಿಲ್ಲ. ಹೂವು ಹೋಗಿ ಮಳೆ ಬಿದ್ದ ಮೇಲೆ ಸುರುಳಿ ಸುರುಳಿಯಾದ ಕಿರಿದಾದ ಎಲೆಗಳು ಬರುತ್ತವೆ. ಬೇಸಿಗೆಯಲ್ಲಿ ಅವೂ ಒಣಗಿ, ನೆಲದ ಮೇಲೆ ಏನೂ ಕಾಣುವದಿಲ್ಲ. ನಮ್ಮ ನಾಡಿನ ಕಾಡು ಈರುಳ್ಳಿಯೂ ಹೀಗೆಯೇ ಎಲೆಯಿಲ್ಲದೆ ಹೂ ಬಿಡುವದನ್ನು ದನ ಕಾಯುವವರು ಬಲ್ಲರು. ಹೀಗಿರುವದರಿಂದ ಒಂದೇ ದಿನ ನೋಡಿದವನು ಆ ಗಿಡವನ್ನು ಪೂರ್ಣವಾಗಿ ಅರಿಯಲಾರನು. ಹೂವನ್ನು ಕಂಡವನು ಎಲೆಯನ್ನು ಕಾಣನು; ಎಲೆಯನ್ನು ಕಂಡವನು ಹೂವನ್ನು ಕಾಣನು; ಬೇಸಿಗೆಯಲ್ಲಿ ಬಂದವನು ಇಲ್ಲಿ ಗಿಡವೇ ಇಲ್ಲವೆನ್ನುವನು.

ಆದರೆ ಗಿಡವು ಸತ್ತಿಲ್ಲ. ಅದರ ಗಡ್ಡೆಯು ಮರಳಿನ ಆಳದಲ್ಲಿ ಜೀವದಿಂದಿದೆ. ಆ ಸೀಮೆಯ ಜಿಂಕೆಗಳು ಹೂವನ್ನೂ ಎಲೆಯ ತುದಿಯನ್ನೂ ತಿನ್ನುತ್ತವೆ, ಗಡ್ಡೆಗಾಗಿ ಮರಳನ್ನೂ ಅಗೆಯುತ್ತವೆ. 1990ರ ದಶಕದಲ್ಲಿ ಪಂಡಿತರು ಇದನ್ನು ಪರೀಕ್ಷಿಸಿದರು. ಜಿಂಕೆಯು ಗಡ್ಡೆಯ ಒಂದು ಪಾಲನ್ನು ಉಳಿಸಿ ಹೋದರೆ, ಉಳಿದ ಪಾಲಿನಿಂದಲೇ ಗಿಡವು ತಿರಿಗಿ ಚಿಗುರುತ್ತದೆ.

ಪ್ರಿಯರೇ, ನಮ್ಮ ಸಭೆಗಳಲ್ಲಿ ನಾವು ಮಾಡುವದೇನು? ಬರಗಾಲದಲ್ಲಿ ಕೂಲಿಗಾಗಿ ಕಾಫಿ ತೋಟಕ್ಕೆ ಹೋದ ಕುಟುಂಬವೊಂದು ಆರು ತಿಂಗಳು ಆರಾಧನೆಗೆ ಬಾರದಿದ್ದರೆ, ಅವರ ವಿಶ್ವಾಸವು ಸತ್ತುಹೋಯಿತೆಂದು ಹೇಳುತ್ತೇವೆ. ಸಾಲದಲ್ಲಿ ಮುಳುಗಿದ ವಿಧವೆಯು ಕಾಣಿಕೆ ತಾರದಿದ್ದರೆ, ಆಕೆಯ ಪ್ರೀತಿ ತಣ್ಣಗಾಯಿತೆಂದು ಹಿರಿಯರು ಪಿಸುಗುಟ್ಟುತ್ತಾರೆ. ಪಟ್ಟಿಯಿಂದ ಹೆಸರು ತೆಗೆಯುವದು ಸುಲಭ. ಹಾಗೆ ತೆಗೆಯಲ್ಪಟ್ಟವರು ಮತ್ತೆ ಬಾಗಲಿಗೆ ಬರುವದು ಬಹಳ ಕಷ್ಟ.

ಮರವನ್ನು ಫಲದಿಂದ ತಿಳಿಯಬೇಕೆಂದು ಕರ್ತನೇ ಕಲಿಸಲಿಲ್ಲವೇ ಎಂದು ಕೇಳುವಿರಿ. ಹೌದು, ಕಲಿಸಿದನು. ಆದರೆ ಫಲಕ್ಕೆ ಕಾಲವುಂಟು. ಲೂಕನ ಸುವಾರ್ತೆಯ 13ನೆಯ ಅಧ್ಯಾಯದಲ್ಲಿ ಫಲಕೊಡದ ಅಂಜೂರದ ಮರಕ್ಕಾಗಿ ಇನ್ನೊಂದು ವರುಷವನ್ನು ಬೇಡಿದ ತೋಟಗಾರನ ಸಾಮ್ಯವನ್ನು ಹೇಳಿದವನೂ ಆತನೇ. ಆ ತೋಟಗಾರನು ಸುಮ್ಮನೆ ಕಾಯಲಿಲ್ಲ. ಬುಡವನ್ನು ಅಗೆದು ಗೊಬ್ಬರ ಹಾಕುವೆನೆಂದನು.

ಆದಕಾರಣ ಬಾರದವರ ಮನೆಗೆ ಈ ತಿಂಗಳೇ ಹೋಗೋಣ. ಅವರ ಕಷ್ಟವನ್ನು ವಿಚಾರಿಸಿ, ಅವರೊಂದಿಗೆ ಪ್ರಾರ್ಥಿಸೋಣ. ಮಣ್ಣಿನೊಳಗೆ ಮರೆಯಾದ ಜೀವವನ್ನು ಕಾಣುವ ದೇವರು ನಮಗೂ ತಾಳ್ಮೆಯನ್ನು ಕೊಡಲಿ. ಆಮೆನ್.