ನಮ್ಮದಲ್ಲ ಎನ್ನುವ ಮುನ್ನ

ಚಳ್ಳಕೆರೆ ದಾಟಿ, ಬಳ್ಳಾರಿ ದಾರಿ ಹಿಡಿದು ಕಲಬುರಗಿಯ ಬಂದೇ ನವಾಜರ ಉರೂಸಿಗೆ ಹೊರಟವರಿಗೆ ಬ್ರಹ್ಮಗಿರಿಯ ಕಡೆ ತಿರುಗೋಣ ಎಂದು ಹೇಳಿನೋಡಿ. ‘ಅಲ್ಲಿ ನಮ್ಮದೇನಿದೆ?’ ಎಂದು ಯಾರಾದರೂ ಕೇಳಿಯಾರು. ಕೇಳಬೇಕಾದ ಪ್ರಶ್ನೆಯೇ. ಒಂದು ನೆಲದ ಹಳೆಯದರಲ್ಲಿ ಯಾವುದು ನಮ್ಮದು, ಯಾವುದು ಅಲ್ಲ?

ಮೊಳಕಾಲ್ಮುರು ತಾಲ್ಲೂಕಿನ ಈ ಬೆಟ್ಟದ ಬಳಿ 1892ರಲ್ಲಿ ಬಿ.ಎಲ್. ರೈಸ್ ಅಶೋಕನ ಶಾಸನವನ್ನು ಗುರುತಿಸಿದರು. ಕ್ರಿಸ್ತಪೂರ್ವ ಮೂರನೆಯ ಶತಮಾನದ ಆ ಬಂಡೆ ಹೇಳುವುದು ಸರಳ ಸಂಗತಿ: ತಾಯಿತಂದೆಯರ ಮಾತು ಕೇಳಬೇಕು, ಜೀವಿಗಳಲ್ಲಿ ದಯೆಯಿರಬೇಕು, ಸತ್ಯ ನುಡಿಯಬೇಕು, ಗುರುವನ್ನು ಗೌರವಿಸಬೇಕು. ನಮ್ಮ ಮನೆಗಳಲ್ಲಿ ಮಕ್ಕಳಿಗೆ ಮೊದಲು ಕಲಿಸುವುದೂ ಇದನ್ನೇ.

ಶಾಸನ ಪ್ರಾಕೃತ ಭಾಷೆಯದು, ಬ್ರಾಹ್ಮಿ ಲಿಪಿಯದು. ಅದನ್ನು ಬರೆದಾತ ಚಪಡ. ಕೊನೆಯಲ್ಲಿ ತನ್ನ ಹೆಸರು ಹೇಳಿ, ತಾನು ಲಿಪಿಕಾರನೆಂಬ ಪದವೊಂದನ್ನು ಮಾತ್ರ ಆತ ಖರೋಷ್ಠಿಯಲ್ಲಿ ಬರೆದಿದ್ದಾನೆ. ಅದು ದೂರದ ಗಾಂಧಾರ ಸೀಮೆಯ ಲಿಪಿ. ಉರ್ದುವಿನಂತೆ ಬಲದಿಂದ ಎಡಕ್ಕೆ ಸಾಗುತ್ತದೆ. ಶಾಲೆಯಲ್ಲಿ ಕನ್ನಡ, ಉರ್ದು ಎರಡನ್ನೂ ತಿದ್ದಿದ ನಮಗೆ ಆ ಬಂಡೆ ಪರಕೀಯವೆನಿಸುವುದಾದರೂ ಹೇಗೆ?

ಜಿಯಾರತ್ ಎಂದರೆ ಹೋಗಿ ಕಾಣುವುದು. ಹಿಂದೆ ಬಾಳಿದವರ ಒಳ್ಳೆಯ ಮಾತನ್ನು ಕಂಡುಬಂದರೆ ಈಮಾನು ಕುಂದುವುದಿಲ್ಲ. ಈ ನೆಲ ನಿಮ್ಮದಲ್ಲವೆಂದು ಯಾರಾದರೂ ಅಂದರೆ ನಮಗೆ ನೋವಾಗುತ್ತದೆ. ಆದರೆ ಇಲ್ಲಿನ ಹಳೆಯದನ್ನು ನಮ್ಮದಲ್ಲವೆಂದು ನಾವೇ ಬಿಟ್ಟುಕೊಟ್ಟರೆ, ಅಂದವರ ಮಾತಿಗೆ ನಾವೇ ರುಜು ಹಾಕಿದಂತಾಗುವುದಿಲ್ಲವೆ?