ಹತ್ತದ ಬೆಂಕಿ, ಆರದ ಸುದ್ದಿ



'ಸ್ತ್ರೀವಾದಿ' ಎಂಬ ಮಾತು ಕಿವಿಗೆ ಬಿದ್ದೊಡನೆ ನಿಮ್ಮ ಕಣ್ಣ ಮುಂದೆ ಎಂಥವಳು ಬಂದು ನಿಲ್ಲುತ್ತಾಳೆ? ಗಂಡಸರನ್ನು ಕಂಡರೆ ಕಿಡಿಕಾರುವವಳು, ಮನೆಮಕ್ಕಳ ಗೊಡವೆಯೇ ಬೇಡವೆನ್ನುವವಳು, ನಡುಬೀದಿಯಲ್ಲಿ ಒಳಉಡುಪು ಸುಟ್ಟವಳು, ಅಲ್ಲವೇ? ಅಂಥವಳನ್ನು ನೀವು ಕಣ್ಣಾರೆ ಕಂಡಿದ್ದೀರಾ? ಇಲ್ಲವಾದರೆ ಆ ಚಿತ್ರವನ್ನು ನಿಮ್ಮ ಮನಸ್ಸಿನಲ್ಲಿ ತೂಗುಹಾಕಿದವರು ಯಾರು?

ಒಳಉಡುಪು ಸುಟ್ಟ ಕಥೆಯನ್ನೇ ತೆಗೆದುಕೊಳ್ಳೋಣ. 1968ರ ಸೆಪ್ಟೆಂಬರ್ 7ರಂದು ಅಮೆರಿಕದ ಅಟ್ಲಾಂಟಿಕ್ ಸಿಟಿಯಲ್ಲಿ 'ಮಿಸ್ ಅಮೆರಿಕಾ' ಸೌಂದರ್ಯ ಸ್ಪರ್ಧೆ ನಡೆಯಿತು. ಅದನ್ನು ವಿರೋಧಿಸಿ ಮಹಿಳೆಯರು ಹೊರಗೆ ಸೇರಿದರು. ಸಂತೆಯಲ್ಲಿ ದನಕ್ಕೆ ಬೆಲೆ ಕಟ್ಟುವಂತೆ ಹೆಣ್ಣಿನ ಮೈ ನೋಡಿ ಅಂಕ ಕೊಡುವುದು ಸರಿಯೇ ಎಂಬುದು ಅವರ ಪ್ರಶ್ನೆ. 1921ರಿಂದ ನಡೆದುಬಂದ ಆ ಸ್ಪರ್ಧೆಯ ಅಂತಿಮ ವೇದಿಕೆಯಲ್ಲಿ ಅಂದಿನವರೆಗೆ ಕಪ್ಪುವರ್ಣದ ಒಬ್ಬಳೂ ನಿಂತಿರಲಿಲ್ಲ. ಗೆದ್ದವಳನ್ನು ವಿಯೆಟ್ನಾಂ ಯುದ್ಧಭೂಮಿಗೆ ಸೈನಿಕರ ಮನರಂಜನೆಗಾಗಿ ಕಳುಹಿಸುತ್ತಿದ್ದರು. ಇವನ್ನೂ ಅವರು ಪ್ರಶ್ನಿಸಿದರು. ಒಂದು ಕಸದ ತೊಟ್ಟಿಯಿಟ್ಟು ಎತ್ತರ ಹಿಮ್ಮಡಿಯ ಚಪ್ಪಲಿ, ಕೃತಕ ರೆಪ್ಪೆಗೂದಲು, ನೆಲ ಒರೆಸುವ ಕೋಲು, ಬಿಗಿ ಒಳಉಡುಪುಗಳನ್ನು ಅದರೊಳಕ್ಕೆ ಎಸೆದರು. ಅಷ್ಟೇ. ಕಡಲತೀರದ ಆ ಕಾಲುದಾರಿ ಮರದ ಹಲಗೆಗಳದ್ದು. ಅಲ್ಲಿ ಬೆಂಕಿ ಹಚ್ಚುವಂತಿರಲಿಲ್ಲ. ಅಂದಿನ ಛಾಯಾಚಿತ್ರಗಳಲ್ಲಿ ತೊಟ್ಟಿ ಇದೆ, ಜ್ವಾಲೆ ಇಲ್ಲ.

ಆದರೆ ಪ್ರತಿಭಟನೆಗೆ ಮುಂಚೆಯೇ ನ್ಯೂಯಾರ್ಕ್ ಪೋಸ್ಟ್ ಪತ್ರಿಕೆಯಲ್ಲಿ ಸುಡುವ ಮಾತು ಬಂದುಬಿಟ್ಟಿತ್ತು. ಯುದ್ಧವನ್ನು ವಿರೋಧಿಸುವ ಯುವಕರು ಆಗ ಸೈನ್ಯದ ಕರೆಚೀಟಿಗಳನ್ನು ಸುಡುತ್ತಿದ್ದರು. ಅವರಿಗೆ ಹೋಲಿಸಿ ಬರೆದರೆ ಈ ಮಹಿಳೆಯರನ್ನೂ ಜನ ಗಂಭೀರವಾಗಿ ಎಣಿಸಿಯಾರು ಎಂದು ವರದಿಗಾರ್ತಿ ಭಾವಿಸಿದ್ದರು. ಉದ್ದೇಶ ಒಳ್ಳೆಯದೇ. ತಲೆಬರಹ ಮಾತ್ರ ದೇಶದೇಶ ಸುತ್ತಿತು, ಮಹಿಳೆಯರ ಪ್ರಶ್ನೆ ಅಲ್ಲೇ ಉಳಿಯಿತು.

ನಮ್ಮ ಬೆಳ್ಳಿತೆರೆಯೂ ಹಿಂದೆ ಬಿದ್ದಿಲ್ಲ. 1989ರ 'ನಂಜುಂಡಿ ಕಲ್ಯಾಣ'ವನ್ನು ಎಷ್ಟೋ ಮಂದಿ ನಕ್ಕು ನಕ್ಕು ನೋಡಿದ್ದೇವೆ. ಜೋರುಬಾಯಿಯ ಹೆಣ್ಣನ್ನು ಗಂಡ ಪಳಗಿಸುವ ಕಥೆ. ನಕ್ಕಿದ್ದು ತಪ್ಪಲ್ಲ (ಮಾಲಾಶ್ರೀಯವರ ಅಭಿನಯ ಹಾಗಿತ್ತು!). ಆದರೆ ಇಂಥದನ್ನೇ ನೂರು ಸಲ ನೋಡಿದ ಕಣ್ಣಿಗೆ, ಅಪ್ಪನ ಆಸ್ತಿಯಲ್ಲಿ ಪಾಲು ಕೇಳುವ ಮಗಳೂ ಬಜಾರಿಯಾಗಿಯೇ ಕಾಣುತ್ತಾಳೆ. ಕುಡಿದು ಹೊಡೆಯುವ ಗಂಡನ ಮೇಲೆ ದೂರು ಕೊಡಹೊರಟವಳಿಗೆ "ನೀನೂ ಸ್ತ್ರೀವಾದಿಯಾದೆಯಾ?" ಎಂದುಬಿಟ್ಟರೆ ಸಾಕು, ಏಟಿನ ಮಾತು ಅಲ್ಲಿಗೇ ನಿಲ್ಲುತ್ತದೆ.

ಇದೆಲ್ಲ ಪತ್ರಿಕೆ, ಸಿನಿಮಾದವರ ದೋಷವೆಂದು ನಾವು ಪಿಲಾತನಂತೆ ಕೈತೊಳೆದುಕೊಳ್ಳುವಂತಿಲ್ಲ. ಸಂತ ಮಗ್ದಲದ ಮರಿಯ ಅವರನ್ನು ನೆನೆಯಿರಿ. ವೇಶ್ಯೆಯಾಗಿದ್ದು ಪಶ್ಚಾತ್ತಾಪಪಟ್ಟವರೆಂದೇ ನಮ್ಮಲ್ಲಿ ಅನೇಕರು ಕೇಳಿ ಬೆಳೆದಿದ್ದೇವೆ. ಶುಭಸಂದೇಶಗಳನ್ನು ತೆರೆದು ಹುಡುಕಿರಿ. ಆ ಮಾತು ಎಲ್ಲಿಯೂ ಇಲ್ಲ. ಏಳು ದೆವ್ವಗಳಿಂದ ಬಿಡುಗಡೆ ಹೊಂದಿದವರು, ಸ್ವಂತ ಸೊತ್ತಿನಿಂದ ಯೇಸುಸ್ವಾಮಿಯ ಸೇವೆ ಮಾಡಿದವರಲ್ಲೊಬ್ಬರು ಎನ್ನುತ್ತಾರೆ ಸಂತ ಲೂಕರು. ಪುನರುತ್ಥಾನರಾದ ಪ್ರಭು ತಮ್ಮ ಸುದ್ದಿಯನ್ನು ಕೊಟ್ಟು ಶಿಷ್ಯರ ಬಳಿಗೆ ಕಳುಹಿಸಿದ್ದು ಇವರನ್ನೇ ಎನ್ನುತ್ತಾರೆ ಸಂತ ಯೊವಾನ್ನರು. ಆದರೆ 591ರಲ್ಲಿ ಪೋಪ್ ಮಹಾ ಗ್ರೆಗೊರಿಯವರ ಪ್ರಬೋಧನೆಯೊಂದು, ಲೂಕರು ಹೆಸರಿಸದ ಪಾಪಿ ಸ್ತ್ರೀಯನ್ನೂ ಬೆಥಾನಿಯದ ಮರಿಯಳನ್ನೂ ಇವರನ್ನೂ ಒಂದುಮಾಡಿತು. ಅಂದಿನ ಮಾಧ್ಯಮವಾದ ಚಿತ್ರಕಲೆ ಬಿಚ್ಚುಗೂದಲಿನ ಹೆಣ್ಣನ್ನು ಮತ್ತೆ ಮತ್ತೆ ಬರೆಯಿತು. ಧರ್ಮಸಭೆಯ ಪೂಜಾ ಪಂಚಾಂಗ ಆ ಗೊಂದಲವನ್ನು ಕೈಬಿಟ್ಟದ್ದು 1969ರಲ್ಲಿ. ಜುಲೈ 22ರ ಅವರ ಸ್ಮರಣೆಯನ್ನು ಪೋಪ್ ಫ್ರಾನ್ಸಿಸರು ಪ್ರೇಷಿತರ ಹಬ್ಬಗಳ ಸಾಲಿಗೆ ಏರಿಸಿದ್ದು 2016ರಲ್ಲಿ. ಒಬ್ಬ ಸ್ತ್ರೀಯ ಹೆಸರನ್ನು ತೊಳೆಯಲು ಹದಿನಾಲ್ಕು ಶತಮಾನ!

ಸುಳ್ಳು ಸಾಕ್ಷಿಯನ್ನು ನಿಷೇಧಿಸುವ ಎಂಟನೆಯ ಆಜ್ಞೆಯನ್ನು ನಾವು ಕೋರ್ಟಿನ ಕಟಕಟೆಗೆ ಬಿಟ್ಟುಬಿಟ್ಟಿದ್ದೇವೆ. ಕೇಳಿದ್ದನ್ನು ವಿಚಾರಿಸದೆ ಊಟದ ಹೊತ್ತಿನಲ್ಲಿ ಆಡಿದ್ದು, ಮೊಬೈಲಿನಲ್ಲಿ ದಾಟಿಸಿದ್ದು ಆತ್ಮಶೋಧನೆಯ ಹೊತ್ತಿನಲ್ಲಿ ನೆನಪಾಗುವುದೇ ಇಲ್ಲ.

ಸ್ತ್ರೀವಾದಿಗಳು ಹೇಳುವುದನ್ನೆಲ್ಲ ಧರ್ಮಸಭೆ ಒಪ್ಪುವುದಿಲ್ಲ, ನಿಜ. ಗರ್ಭಪಾತದ ವಿಷಯದಲ್ಲಿ ನಮ್ಮ ನಿಲುವು ಬೇರೆ. ಆದರೂ ಪೋಪ್ ಎರಡನೇ ಜಾನ್ ಪಾಲರು 1995ರಲ್ಲಿ ಮಹಿಳೆಯರಿಗೆ ಬರೆದ ಪತ್ರವನ್ನು ಓದಿ ನೋಡಿ. ಸ್ತ್ರೀಯರ ಘನತೆಗಾಗಿ ಹೋರಾಡಿದವರನ್ನು ಹೆಣ್ತನವಿಲ್ಲದವರು, ಪ್ರದರ್ಶನಕ್ಕಿಳಿದವರು, ಪಾಪ ಮಾಡುವವರು ಎಂದು ಲೋಕ ಜರೆದ ಕಾಲವನ್ನು ಅವರು ಅಲ್ಲಿ ನೆನೆಯುತ್ತಾರೆ, ಆ ಮಹಿಳೆಯರ ಧೈರ್ಯವನ್ನು ಮೆಚ್ಚುತ್ತಾರೆ.

ಇಂದಿನ ಕುಟುಂಬ ಪ್ರಾರ್ಥನೆಯಲ್ಲಿ ಲೂಕರ 24ನೆಯ ಅಧ್ಯಾಯವನ್ನು ಗಟ್ಟಿಯಾಗಿ ಓದಿರಿ. ಸಮಾಧಿಯಿಂದ ಮರಳಿದ ಸ್ತ್ರೀಯರ ಮಾತು ಪ್ರೇಷಿತರಿಗೆ ಬರೀ ಹರಟೆಯಾಗಿ ಕೇಳಿಸಿತು. ಪೇತ್ರರು ಮಾತ್ರ ಎದ್ದು, ತಾವೇ ನೋಡಿಬರಲು ಸಮಾಧಿಯತ್ತ ಓಡಿದರು.