ಅಜ್ಜಿಯ ಮಡಿಲು, ಮಗುವಿನ ಸೀಟು

"ಅಮ್ಮ, ಆ್ಯಕ್ಸಿಡೆಂಟ್ ಅಮೆರಿಕದಲ್ಲಿ ಮಾತ್ರ ಆಗುತ್ತಾ?"

ಶ್ರೀಗಂಧದ ಕಾವಲ್‌ನ ತವರುಮನೆಯಿಂದ ಮಾಗಡಿ ತಿರುಮಲೆಯ ರಂಗನಾಥನ ದರ್ಶನಕ್ಕೆ ಹೊರಟಿದ್ದೆವು. ಅಮೆರಿಕದಿಂದ ವಿಮಾನದಲ್ಲಿ ಹೊತ್ತು ತಂದ ಮಗುವಿನ ಸೀಟನ್ನು ಅಣ್ಣನ ಕಾರಿಗೆ ಬಿಗಿಯಲು ನಾನು ಹೆಣಗುತ್ತಿದ್ದೆ. "ಪಾಪ, ಕೂಸನ್ನ ಯಾಕೆ ಹಾಗೆ ಕಟ್ಟಿಹಾಕ್ತೀಯೇ? ಇಲ್ಲಿ ಕೊಡು, ನನ್ನ ಮಡಿಲಲ್ಲೇ ಮಲಗ್ತಾನೆ. ನಿಮ್ಮಿಬ್ಬರನ್ನೂ ಹಾಗೇ ಕರ್ಕೊಂಡು ಓಡಾಡಿಲ್ವಾ?" ಎಂದು ಅಮ್ಮ ಕೈಚಾಚಿದರು. ಆಗಲೇ ದೊಡ್ಡ ಮಗಳು ಕೇಳಿದ್ದು ಆ ಪ್ರಶ್ನೆ.

ಅಮ್ಮನ ತೋಳಿನ ಬಲದ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಗಂಟೆಗೆ 40 ಕಿಲೋಮೀಟರ್ ವೇಗದ ಕಾರು ಏನಕ್ಕಾದರೂ ಬಡಿದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತರೆ, 8 ಕಿಲೋ ತೂಗುವ ಕೂಸು ಆ ಗಳಿಗೆಗೆ ಸುಮಾರು 90 ಕಿಲೋ ಭಾರದಿಂದ ಮುನ್ನುಗ್ಗುತ್ತದೆ. ಯಾವ ತೋಳೂ ಅದನ್ನು ಹಿಡಿಯಲಾರದು. ಎಳೆಮಗುವಿಗೆ ತಲೆ ದೊಡ್ಡದು, ಕತ್ತಿನ ಮೂಳೆ ಇನ್ನೂ ಗಟ್ಟಿಯಾಗಿರುವುದಿಲ್ಲ. ಸೀಟು ಹಿಂದಕ್ಕೆ ಮುಖ ಮಾಡಿದ್ದರೆ ಪೆಟ್ಟು ಇಡೀ ಬೆನ್ನಿಗೆ ಹಂಚಿಹೋಗುತ್ತದೆ. ಸೀಟಿನ ತೂಕ, ಎತ್ತರದ ಮಿತಿ ಮುಟ್ಟುವವರೆಗೂ ಹಾಗೇ ಕೂರಿಸಿ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2018ರಿಂದ ಹೇಳುತ್ತಿದೆ.

ಜಾಗದ ಮಾತಿಗೆ ಬಂದರೆ, ಹಿಂದಿನ ಸಾಲಿನ ನಡುವೆ ಕೂತ ಮೂರು ವರ್ಷದೊಳಗಿನ ಮಕ್ಕಳಿಗೆ ಪಕ್ಕದಲ್ಲಿ ಕೂತವರಿಗಿಂತ ಗಾಯದ ಅಪಾಯ ಶೇ. 43 ಕಡಿಮೆ ಎಂದು 2008ರ ಅಮೆರಿಕದ ಅಧ್ಯಯನವೊಂದು ತೋರಿಸಿತು. ಅಣ್ಣನ ಕಾರಿನಲ್ಲಿ ಆ ನಡುವಿನ ಜಾಗ ಉಬ್ಬಿತ್ತು, ಸೀಟು ಅಲ್ಲಾಡುತ್ತಿತ್ತು. ಬೆಲ್ಟ್ ಹಾಯುವ ಕಡೆ ಹಿಡಿದು ಅಲುಗಿಸಿದಾಗ ಒಂದು ಇಂಚಿಗಿಂತ ಹೆಚ್ಚು ಜರುಗಿದರೆ ನಡುವಿನಲ್ಲಿದ್ದೂ ಪ್ರಯೋಜನವಿಲ್ಲ. ಹಾಗಾಗಿ ಎಡಗಡೆಗೆ ಬಿಗಿದೆ. ಅಮೆರಿಕದಲ್ಲಿ ಫುಟ್‌ಪಾತ್ ಬಲಕ್ಕೆ, ಇಲ್ಲಿ ಎಡಕ್ಕೆ. ಮಗುವನ್ನು ಇಳಿಸುವಾಗ ವಾಹನಗಳಿಗೆ ಬೆನ್ನು ಕೊಟ್ಟು ನಿಲ್ಲಬೇಕಿಲ್ಲ. ಏರ್‌ಬ್ಯಾಗ್ ಇರುವ ಮುಂದಿನ ಸೀಟಿನ ಮಾತಂತೂ ಬೇಡವೇ ಬೇಡ. ಅದು ಉಬ್ಬಿ ಅಪ್ಪಳಿಸುವುದು ಮಗುವಿನ ತಲೆಯ ಹಿಂಬದಿಗೇ.

ಕಾನೂನು ಇಲ್ಲೂ ಇದೆ. 2019ರ ಮೋಟಾರು ವಾಹನ ತಿದ್ದುಪಡಿಯ 194-ಬಿ ಪ್ರಕಾರ 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದಿದ್ದರೆ 1,000 ರೂಪಾಯಿ ದಂಡ. ಆದರೂ ಅಲ್ಲಿ ಆಸ್ಪತ್ರೆಯಿಂದ ಮನೆಗೆ ಬರುವ ದಿನದಿಂದಲೇ ಪಾಲಿಸಿದ ನಿಯಮವನ್ನು ದೇವನಹಳ್ಳಿ ವಿಮಾನ ನಿಲ್ದಾಣದಲ್ಲಿ ಟ್ಯಾಕ್ಸಿ ಹತ್ತುತ್ತಿದ್ದಂತೆ ಮರೆಯುವವರು ನಮ್ಮಲ್ಲಿ ಕಡಿಮೆಯಿಲ್ಲ. ನಾವು ಹೆದರುವುದು ಅಪಘಾತಕ್ಕೋ, ಅಲ್ಲಿನ ಪೊಲೀಸರಿಗೋ?

ಸುಂಕದಕಟ್ಟೆ ದಾಟಿ ತಾವರೆಕೆರೆ ಬರುವವರೆಗೂ ಮಗ ಅತ್ತ. ಪಕ್ಕದಲ್ಲಿ ಕೂತ ಅಮ್ಮ ಅವನ ಕೈಗೆ ಬೆರಳು ಕೊಟ್ಟು ಸುಮ್ಮನಿದ್ದರು. ಮರುದಿನ ಅಣ್ಣ ತನ್ನ ಮಗುವಿಗೂ ಸೀಟು ತರಿಸುವ ಮಾತಾಡಿದಾಗ ನನಗೆ ಹೆಮ್ಮೆಯೆನಿಸಿತು. ಆದರೆ ಅಷ್ಟು ದೂರದಿಂದ ಮಕ್ಕಳನ್ನು ಕರೆತರುವುದೇ ಅಜ್ಜಿಯ ಮಡಿಲಿಗಾಗಿ. ಕಾರಿನಲ್ಲಿ ಬೇಡ, ಮನೆಯಲ್ಲಿ ಎಷ್ಟಾದರೂ ಇರಲಿ ಎನ್ನುವುದು ಸುಲಭ. ಎರಡನ್ನೂ ಒಬ್ಬರ ಮನಸ್ಸೂ ನೋಯದ ಹಾಗೆ ಸಾಧಿಸುವುದು ಹೇಗೆಂದು ನನಗಿನ್ನೂ ಹೊಳೆದಿಲ್ಲ.

ಈ ಸಲ ಊರಿಗೆ ಹೊರಡುವವರು ಸೀಟನ್ನೂ ಲಗೇಜಿನ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಊರಿನ ಕಾರಿನ ಹಿಂದಿನ ಸಾಲಿನಲ್ಲಿ ಯಾವ ಬೆಲ್ಟ್ ಇದೆ ಎಂದು ಫೋಟೋ ತರಿಸಿ ನೋಡಿ. ಅಜ್ಜಿಗೆ ಮಾತ್ರ ಇದನ್ನೆಲ್ಲ ಮೊದಲೇ ಫೋನಿನಲ್ಲಿ, ನಿಧಾನವಾಗಿ ತಿಳಿಸಿ. ಕಾರಿನ ಬಾಗಿಲಲ್ಲಿ ನಿಂತು ಹೇಳಬೇಡಿ.